ಜೆಟ್ಟಪ್ಪನ ಬುಲೆಟ್ಟು

ಮೊದಲು ಹೋಗುವುದು ಸೈಲೆನ್ಸರ್. ಕಂಪನಿ ಕೊಟ್ಟದ್ದರಲ್ಲಿ ದೋಷವಿದೆಯೆಂದಲ್ಲ. ಅದನ್ನಿಟ್ಟುಕೊಂಡು ಹೋದರೆ ಬುಲೆಟ್ ಬಂತೆಂದು ಮೂರನೇ ಕ್ರಾಸಿನವರಿಗೆ ಗೊತ್ತಾಗುವುದಿಲ್ಲ, ಅಷ್ಟೇ. ಹಾಗಾಗಿ ಒಂದು ಶನಿವಾರ ಸಂಜೆ ಜೆಟ್ಟಪ್ಪ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಶಾರ್ಟ್ ಬಾಟಲ್, ಲಾಂಗ್ ಬಾಟಲ್, ಗೋಲ್ಡ್ ಸ್ಟಾರ್ ಎಂಬ ತ್ರಿಮೂರ್ತಿಗಳ ಮುಂದೆ ನಿಂತು, ಒಂದೊಂದನ್ನೂ ಬೆರಳಲ್ಲಿ ಬಡಿದು ನೋಡಿ, ಒಳಗೆ ಏನೂ ಇಲ್ಲದ್ದನ್ನೇ ಆರಿಸಿ ತರುತ್ತಾನೆ. ಒಳಗೆ ಏನೇನೋ ಇದ್ದ ಹಳೆಯದು ಅಟ್ಟ ಸೇರುತ್ತದೆ.

ಮುಂದಿನ ಸಂಬಳಕ್ಕೆ ಏರ್ ಕ್ಲೀನರ್. ಪೆಟ್ಟಿಗೆ ಹೋಗಿ, ಕಾರ್ಬ್ಯುರೇಟರಿನ ಬೆನ್ನಿಗೆ ಎಣ್ಣೆ ಹಚ್ಚಿದ ಕೆಂಪು ಹತ್ತಿಯ ಕೋನ್ ಫಿಲ್ಟರ್ ಬಟಾಬಯಲಲ್ಲಿ ಕೂರುತ್ತದೆ. “ಗಾಡಿ ಈಗ ಫ್ರೀಯಾಗಿ ಉಸಿರಾಡ್ತಿದೆ ಸಾರ್” ಎನ್ನುತ್ತಾನೆ. ಇಷ್ಟು ವರ್ಷ ಅದೇನು ಪ್ರಾಣಾಯಾಮ ಮಾಡುತ್ತಿತ್ತೇ ಎಂದು ಕೇಳುವ ಧೈರ್ಯ ನಮಗಿಲ್ಲ.

ಜೆಟ್ಟಪ್ಪ ಎಂದು ಹೆಸರಿಟ್ಟದ್ದು ಬೀದಿಯವರು. ಆಧಾರ್ ಕಾರ್ಡಿನಲ್ಲಿ ಬೇರೆ ಹೆಸರಿದೆ, ಬ್ಯಾಂಕಿನಲ್ಲಿ ಮರ್ಯಾದೆಯ ನೌಕರಿಯಿದೆ, ಗಿರಿನಗರದಲ್ಲಿ ಅಪ್ಪ ಕಟ್ಟಿಸಿದ ಮನೆಯಿದೆ. ಆ ಮನೆಯ ಪೋರ್ಟಿಕೋದಲ್ಲಿ ರಂಗೋಲಿಯಷ್ಟೇ ನಿಯಮವಾಗಿ ಪೆಟ್ರೋಲಿನ ಕಲೆಯೂ ಬೀಳುತ್ತದೆ. ಗಾಡಿ ಹಳೆಯ ಕ್ಯಾಸ್ಟ್ ಐರನ್ ಬುಲೆಟ್, 346 ಸಿಸಿ. ಅಶ್ವಶಕ್ತಿ ಸುಮಾರು ಹದಿನೆಂಟು. ಆ ಹದಿನೆಂಟರ ಜೊತೆಗೆ ಹತ್ತೊಂಬತ್ತನೆಯ ಕುದುರೆಯೊಂದನ್ನು ಕಟ್ಟಬೇಕೆಂಬುದು ಅವನ ಜೀವಮಾನದ ಹಂಬಲ. ಸವಾರನ ಹೊಟ್ಟೆ ಹತ್ತು ಕಿಲೋ ಇಳಿದರೂ ಹೆಚ್ಚುಕಡಿಮೆ ಅದೇ ಫಲ ಸಿಗುತ್ತದೆ, ಅದಕ್ಕೆ ಜೆ.ಸಿ. ರಸ್ತೆಯಲ್ಲಿ ಸ್ಪೇರ್ ಸಿಗುವುದಿಲ್ಲ.

ಸೈಲೆನ್ಸರೂ ಫಿಲ್ಟರೂ ಬದಲಾದ ಮೊದಲ ವಾರ ಸ್ವರ್ಗ. ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಹಿಂದಿನಿಂದ ಪಟಪಟ ಎಂದು ಪಟಾಕಿ. ಇದು ಶಕ್ತಿಯ ಲಕ್ಷಣವೆಂದು ಅವನು ಎಲ್ಲರಿಗೂ ಹೇಳಿಕೊಂಡು ಬಂದ. ಎರಡನೇ ವಾರ ಯಾರೋ ಪುಣ್ಯಾತ್ಮರು ಕಿವಿಯಲ್ಲಿ ಆ ಎರಡಕ್ಷರದ ಮಂತ್ರ ಊದಿದರು: “ಲೀನ್.” ಅಲ್ಲಿಗೆ ಮನೆಯ ನೆಮ್ಮದಿ ಹೋಯಿತು.

ವಿಷಯ ಇಷ್ಟೇ. ಲೆಕ್ಕದ ಪ್ರಕಾರ ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಜೋರಾಗಿ ಎಳೆಯಬೇಕಾದಾಗ ಗಾಳಿ ಹದಿಮೂರರ ಆಸುಪಾಸಿಗೆ ಇಳಿಯಬೇಕು. ಕಾರ್ಬ್ಯುರೇಟರಿಗೆ ಬುದ್ಧಿಯಿಲ್ಲ. ಗಾಳಿ ಹಾದುಹೋಗುವಾಗ ಉಂಟಾಗುವ ಸೆಳೆತ ಎಷ್ಟೋ ಅಷ್ಟು ಪೆಟ್ರೋಲನ್ನು ಜೆಟ್ಟಿನ ತೂತಿನಿಂದ ಬಿಡುತ್ತದೆ. ಹಳೆಯ ಏರ್ ಕ್ಲೀನರ್ ಪೆಟ್ಟಿಗೆ ಗಾಳಿಗೆ ಕೊಂಚ ಅಡ್ಡಿ ಮಾಡುತ್ತಿತ್ತಲ್ಲ, ಸೆಳೆತಕ್ಕೆ ಅದರ ಪಾಲೂ ಇತ್ತು. ಅಡ್ಡಿ ಹೋಯಿತು, ಸೆಳೆತ ಕುಗ್ಗಿತು, ಗಾಳಿ ಮಾತ್ರ ಧಾರಾಳ; ಇದೇ ಲೀನ್. ಪೆಟ್ರೋಲ್ ಸಾಲದೆ ಎಂಜಿನ್ ಕಾಯುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ. ಅತಿಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆದ್ದರಿಂದ ಜೆಟ್ ಬದಲಿಸಬೇಕು. ಇದರಲ್ಲಿ ಸುಳ್ಳಿಲ್ಲ. ಜೆಟ್ಟಪ್ಪನ ದುರಂತವೆಂದರೆ ಅವನು ಹೇಳುವುದೆಲ್ಲ ನಿಜವೇ.

ಕಾರ್ಬ್ಯುರೇಟರ್ ಬಲ್ಲವರು ಮೊದಲು ಫುಲ್ ಥ್ರಾಟಲಿನಲ್ಲಿ ಓಡಿಸಿ ಮೇನ್ ಜೆಟ್ ಸರಿ ಮಾಡುತ್ತಾರೆ, ಆಮೇಲೆ ನೀಡಲ್, ಕೊನೆಗೆ ಪೈಲಟ್ ಜೆಟ್ಟು, ಏರ್ ಸ್ಕ್ರೂ. ನಮ್ಮವನು ಏರ್ ಸ್ಕ್ರೂನಿಂದ ಶುರುಮಾಡಿದ, ಯಾಕೆಂದರೆ ಸ್ಕ್ರೂಡ್ರೈವರ್ ತಲುಪಿದ್ದು ಅಲ್ಲಿಗೇ. ಅರ್ಧ ಸುತ್ತು ಒಳಗೆ, ಕಾಲು ಸುತ್ತು ಹೊರಗೆ, ಕಣ್ಣು ಮುಚ್ಚಿ ಕಿವಿಗೊಟ್ಟು, ಮತ್ತೆ ಒಂದು ಕೂದಲಿನಷ್ಟು ಒಳಗೆ. ಮೇನ್ ಜೆಟ್ಟುಗಳು ಬೆಂಕಿಪೊಟ್ಟಣದಲ್ಲಿ ಇರುತ್ತವೆ: 95, 100, 105, 110. ಒಮ್ಮೆ ಅವನ ತಾಯಿ ದೇವರ ದೀಪ ಹಚ್ಚಲು ಪೊಟ್ಟಣ ತೆಗೆದು ಕಡ್ಡಿ ಬದಲು 105 ಹಿಡಿದುಕೊಂಡು ನಿಂತಿದ್ದರು. ಬೇಕಾದ ಅಳತೆ ಸಿಗದಿದ್ದಾಗ ಕ್ಲಚ್ ಕೇಬಲ್ಲಿನ ಒಂದೆಳೆ ಬಿಡಿಸಿ ಇದ್ದ ಜೆಟ್ಟನ್ನೇ ಕೊರೆಯುವುದೂ ಉಂಟು. ಹಿತ್ತಾಳೆ ಮೆತ್ತನೆಯ ಲೋಹ, ಯಾರು ಕೊರೆದರೂ ಬೇಡವೆನ್ನುವುದಿಲ್ಲ. ಹಾಗೆ ಕೊರೆದ ಜೆಟ್ಟಿನ ಮೇಲೆ ಕೆತ್ತಿದ ನಂಬರಿಗೂ ಅದರ ತೂತಿಗೂ ಆಮೇಲೆ ಯಾವ ಸಂಬಂಧವೂ ಉಳಿಯುವುದಿಲ್ಲ. ಆದರೂ ಅದು ಪೊಟ್ಟಣಕ್ಕೇ ವಾಪಸ್.

ಪ್ಲಗ್ ನೋಡುವ ವಿಧಿಯನ್ನು ನೀವು ಒಮ್ಮೆಯಾದರೂ ನೋಡಬೇಕು. ಖಾಲಿ ರಸ್ತೆಯಲ್ಲಿ ಫುಲ್ ಥ್ರಾಟಲ್ ಎಳೆದು, ಒಮ್ಮೆಗೇ ಎಂಜಿನ್ ಆಫ್ ಮಾಡಿ, ಗಾಡಿ ಪಕ್ಕಕ್ಕೆ ಹಾಕಿ, ಕೈಸುಟ್ಟುಕೊಂಡು ಪ್ಲಗ್ ಬಿಚ್ಚಿ, ಬೆಳಕಿಗೆ ಹಿಡಿಯುತ್ತಾನೆ. ಬೆಳ್ಳಗಿದ್ದರೆ ಲೀನ್. ಮಸಿ ಹಿಡಿದಿದ್ದರೆ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಕಾಫಿ ಬಣ್ಣ ಬಂದರೆ ಮೋಕ್ಷ. ಆದರೆ ಯಾವ ಕಾಫಿ? ಇಲ್ಲಿ ಪಂಥಭೇದವಿದೆ. ದರ್ಶಿನಿಯ ಬೈಟು ಕಾಫಿಯ ಬಣ್ಣ ಸಾಕೆನ್ನುವವನು ಅವನ ಗೆಳೆಯ; ಚಿಕ್ಕಮಗಳೂರಿನ ಬೀಜ ಹುರಿದು ಇಳಿಸಿದ ಗಟ್ಟಿ ಡಿಕಾಕ್ಷನ್ನಿಗೆ ಎರಡು ಚಮಚ ಹಾಲು ಬೆರೆಸಿದ ಬಣ್ಣವೇ ಆಗಬೇಕೆನ್ನುವವನು ಇವನು. ಇದೇ ವಿಷಯಕ್ಕೆ ಇಬ್ಬರೂ ಒಂದಿಡೀ ಚಳಿಗಾಲ ಮಾತು ಬಿಟ್ಟಿದ್ದರು. ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ 2000ದಲ್ಲೇ ನಿಂತುಹೋಯಿತು, ಸೀಸವಿಲ್ಲದ ಪೆಟ್ರೋಲಿನಲ್ಲಿ ಪ್ಲಗ್ಗಿಗೆ ಹಿಂದಿನಷ್ಟು ಖಚಿತವಾಗಿ ಬಣ್ಣ ಬರುವುದೇ ಇಲ್ಲ ಎಂದು ನಾನು ಬಾಯಿಬಿಟ್ಟದ್ದಕ್ಕೆ ಇಬ್ಬರೂ ಒಂದಾಗಿ ನನ್ನ ಮೇಲೆ ಬಿದ್ದರು.

ಸೆಟ್ಟಿಂಗ್ ಒಂದು ಹಂತಕ್ಕೆ ಬಂತೆನ್ನಿ, ಆಗ ಭೂಗೋಳ ಕೈಕೊಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಭಾನುವಾರ ನಂದಿಬೆಟ್ಟ ಹತ್ತಿದರೆ 1,478 ಮೀಟರ್. ಗಾಳಿ ತೆಳು, ಮಿಶ್ರಣ ರಿಚ್, ಗಾಡಿ ಕೆಮ್ಮುತ್ತದೆ. ಒಂದು ಸೈಜ್ ಇಳಿಸುತ್ತಾನೆ. ಮರುವಾರ ಶಿರಾಡಿ ಘಾಟಿ ಇಳಿದು ಮಂಗಳೂರಿನ ಮದುವೆಗೆ ಹೋಗುತ್ತಾನೆ. ಅಲ್ಲಿ ಗಾಳಿ ದಟ್ಟ, ಮಿಶ್ರಣ ಲೀನ್. ಮುಹೂರ್ತದ ಹೊತ್ತಿಗೆ ಕಲ್ಯಾಣಮಂಟಪದ ಹಿಂದೆ ರೇಷ್ಮೆ ಪಂಚೆ ಎತ್ತಿ ಕಟ್ಟಿ ಕಾರ್ಬ್ಯುರೇಟರಿನ ಬಟ್ಟಲು ಬಿಚ್ಚುತ್ತಿದ್ದವನು ಇವನೇ. ಎಥನಾಲ್ ಬೆರೆತ ಪೆಟ್ರೋಲ್ ಬಂದಮೇಲಂತೂ ಕೇಳುವುದೇ ಬೇಡ. ಅದು ಮಿಶ್ರಣವನ್ನು ಇನ್ನೊಂದಿಷ್ಟು ಲೀನ್ ಮಾಡುತ್ತದೆ ಎಂಬುದು ನಿಜ. ಜೆಟ್ಟಪ್ಪನ ಮುಖದಲ್ಲಿ ಅಂದು ಕಂಡ ಸಂತೋಷವೂ ಅಷ್ಟೇ ನಿಜ. ಮುಗಿಯುತ್ತಾ ಬಂದಿದ್ದ ಕೆಲಸಕ್ಕೆ ಸರ್ಕಾರವೇ ಎಕ್ಸ್‌ಟೆನ್ಷನ್ ಕೊಟ್ಟಿತ್ತು.

ಪಟಾಕಿ ಸದ್ದು ಮಾತ್ರ ಯಾವ ಜೆಟ್ಟಿಗೂ ಬಗ್ಗಲಿಲ್ಲ. ಕೊನೆಗೆ ಹನುಮಂತನಗರದ ಮುದುಕ ಮೆಕ್ಯಾನಿಕ್ ಒಬ್ಬರು, ಬೀಡಿ ಬಾಯಲ್ಲೇ ಇಟ್ಟುಕೊಂಡು, ಬೆಂಡ್ ಪೈಪಿಗೂ ಸೈಲೆನ್ಸರಿಗೂ ನಡುವಿನ ಕ್ಲ್ಯಾಂಪನ್ನು ಸ್ಪ್ಯಾನರಿನಲ್ಲಿ ಎರಡು ಸುತ್ತು ಬಿಗಿ ಮಾಡಿದರು. ಆ ಸಂದಿಯಿಂದ ಹೊರಗಾಳಿ ನುಗ್ಗಿ, ಪೈಪಿನೊಳಗೆ ಉಳಿದ ಪೆಟ್ರೋಲ್ ಹೊತ್ತಿಕೊಳ್ಳುತ್ತಿತ್ತು. ಸದ್ದು ನಿಂತಿತು. ಇಪ್ಪತ್ತು ರೂಪಾಯಿ ಕೇಳಿದರು. “ನಿನ್ನೆ ರಾತ್ರಿ ನೀಡಲ್ ಕ್ಲಿಪ್ಪನ್ನ ಒಂದು ಗೀರು ಕೆಳಗಿಳಿಸಿದ್ದೆ ಸಾರ್, ಅದು ಈಗ ಕೆಲಸ ಮಾಡ್ತಿದೆ” ಎಂದು ಜೆಟ್ಟಪ್ಪ ನನಗೆ ವಿವರಿಸಿದ.

ಪೊಲೀಸರ ಪ್ರಕರಣವನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಬೇಗ ಮುಗಿಯುವಂಥದ್ದೇ. ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಮೇಲೆ ರೋಡ್ ರೋಲರ್ ಹರಿಸುವ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿ ಹಲವು ಸಲ ನಡೆದಿದೆ. ಅಂಥ ಫೋಟೋ ಪತ್ರಿಕೆಯಲ್ಲಿ ಬಂದ ದಿನ ಜೆಟ್ಟಪ್ಪ ಉಪವಾಸ. ಅಟ್ಟದಿಂದ ಹಳೆಯ ಸೈಲೆನ್ಸರ್ ಇಳಿದು ಬರುತ್ತದೆ, ಅದಕ್ಕೆ ತಕ್ಕಂತೆ ಜೆಟ್ ಮತ್ತೆ ಚಿಕ್ಕದಾಗಬೇಕು, ಬೆಂಕಿಪೊಟ್ಟಣ ಮತ್ತೆ ತೆರೆಯಬೇಕು. ಚೆಕಿಂಗ್ ತಣ್ಣಗಾದ ಮೇಲೆ ಎಲ್ಲ ಹಿಂದುಮುಂದು.

ಜೆಟ್ಟಪ್ಪನ ತಂಗಿಯ ಮಗ ಬಿಎಸ್-6 ಗಾಡಿ ಕೊಂಡಿದ್ದಾನೆ. 2020ರ ನಂತರದ್ದು, ಇಂಜೆಕ್ಷನ್ನು. ಜೆಟ್ಟೂ ಇಲ್ಲ, ಏರ್ ಸ್ಕ್ರೂವೂ ಇಲ್ಲ. ಬೆಂಡ್ ಪೈಪಿನಲ್ಲೇ ಆಮ್ಲಜನಕದ ಸೆನ್ಸರ್ ಕೂತು ಸಣ್ಣಪುಟ್ಟ ಹೆಚ್ಚುಕಡಿಮೆಯನ್ನು ತಾನೇ ಸರಿ ಮಾಡಿಸುತ್ತದೆ. ಇನ್ನು ಈ ವಂಶಕ್ಕೆ ಕೆಲಸವಿಲ್ಲ ಎಂದುಕೊಂಡಿದ್ದೆ. ಆ ಹುಡುಗ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿ, ಸೀಟಿನ ಕೆಳಗೆ ಇಂಜೆಕ್ಷನ್ನಿನ ಲೆಕ್ಕ ತಿದ್ದುವ ಒಂದು ಪಿಗ್ಗಿಬ್ಯಾಕ್ ಡಬ್ಬಿ ಕೂರಿಸಿ, ಈಗ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅದೇ ಪೋರ್ಟಿಕೋದಲ್ಲಿ ಕೂರುತ್ತಾನೆ. “ಮಾವ, ಮ್ಯಾಪ್ ಇನ್ನೂ ಸ್ವಲ್ಪ ಲೀನ್ ಇದೆ” ಎಂದ ಮೊನ್ನೆ. ಮಾವನ ಕಣ್ಣಲ್ಲಿ ನೀರು ಬಂದದ್ದನ್ನು ನಾನೇ ಕಂಡೆ.

ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅವನ ಕಿವಿ ಸುಳ್ಳು ಹೇಳುವುದಿಲ್ಲ. ನಮ್ಮ ಮನೆಯ ಸ್ಕೂಟರ್ ಗೇಟಿನಾಚೆ ಹೋಗುವಾಗಲೇ “ಪೈಲಟ್ ಜೆಟ್ಟಲ್ಲಿ ಕಸ ಕೂತಿದೆ, ಕ್ಲೀನ್ ಮಾಡಿಸಿ” ಎಂದಿದ್ದ. ಬಿಚ್ಚಿಸಿದರೆ ಹಾಗೇ ಇತ್ತು. ಬೀದಿಯ ಎಲ್ಲರ ಗಾಡಿಯನ್ನೂ ಹತ್ತು ನಿಮಿಷದಲ್ಲಿ ಸರಿ ಮಾಡಿಕೊಡುತ್ತಾನೆ, ಕಾಸು ಮುಟ್ಟುವುದಿಲ್ಲ. ತನ್ನದನ್ನು ಮಾತ್ರ ಸರಿ ಮಾಡುವುದಿಲ್ಲ. ಸರಿಯಾಗಿಬಿಟ್ಟರೆ ಭಾನುವಾರ ಏನು ಮಾಡುವುದು ಎಂಬ ಭಯ ಅವನಿಗಿರಬೇಕು, ಅವನಿಗಿಂತ ಹೆಚ್ಚಾಗಿ ಅವನ ಹೆಂಡತಿಗೆ.

ಈಗ ಗಾಡಿ ಮಾರಾಟಕ್ಕಿದೆ. ವರ್ಷಕ್ಕೊಮ್ಮೆ ಇರುತ್ತದೆ. ನೀವು ಕೊಳ್ಳಲು ಬಂದರೆ ಪೇಂಟು, ಟೈರು, ಮೈಲೇಜು ಯಾವುದನ್ನೂ ಕೇಳಬೇಡಿ. ಅಟ್ಟದ ಮೇಲಿನ ಕಂಪನಿ ಸೈಲೆನ್ಸರ್, ಹಳೆಯ ಏರ್ ಕ್ಲೀನರ್ ಪೆಟ್ಟಿಗೆ, ಗಾಡಿಯ ಜೊತೆ ಬಂದಿದ್ದ ಜೆಟ್ಟು, ಈ ಮೂರನ್ನು ಕೇಳಿ. ಕೊಟ್ಟರೆ ಕಣ್ಣುಮುಚ್ಚಿ ದುಡ್ಡು ಎಣಿಸಿ. ಮೂರನ್ನೂ ಹಾಕಿಸಿದ ದಿನವೇ ಅದು ಸರಿಯಾಗಿ ಓಡುತ್ತದೆ.