ಹದಿನೇಳರ ಏಕಸೂತ್ರ

ನಮ್ಮ ಸೀಮೆಯಲ್ಲಿ ಕಾಲೇಜು ಸೇರಬೇಕಾದವನು ಅಂಕಪಟ್ಟಿಯನ್ನೂ ವರ್ಗಾವಣೆ ಪತ್ರವನ್ನೂ ಮೇಜಿನ ಮೇಲಿಟ್ಟರೆ ಸಾಕು. ಅವನು ಮೃದಂಗ ನುಡಿಸುವನೋ, ಮಾವಿನ ಮರ ಹತ್ತುವನೋ ಎಂದು ವಿಚಾರಿಸುವ ಅನಾವಶ್ಯಕ ಕುತೂಹಲವು ನಮ್ಮ ಗುಮಾಸ್ತರಲ್ಲಿ ಎಂದೂ ಉದಯಿಸಿದುದಿಲ್ಲ. ಅಮೆರಿಕೆಯ ರೀತಿ ಬೇರೆ. ಅಲ್ಲಿಗೆ ಹೊರಟುನಿಂತಿರುವ, ಹದಿನೇಳರ ಹರೆಯದ ನನ್ನ ಸೋದರಳಿಯನಿಂದ ತಿಳಿದುಬಂದುದೇನೆಂದರೆ, ಸಾವಿರಕ್ಕೂ ಮಿಕ್ಕ ವಿದ್ಯಾಲಯಗಳು ಒಪ್ಪಿಕೊಂಡಿರುವ ‘ಕಾಮನ್ ಅಪ್ಲಿಕೇಷನ್’ ಎಂಬ ಅರ್ಜಿಯು ಅಭ್ಯರ್ಥಿಯ ಹವ್ಯಾಸಗಳಿಗೆ 10 ಮನೆಗಳನ್ನೂ, ಒಂದೊಂದರ ವರ್ಣನೆಗೆ 150 ಅಕ್ಷರಗಳನ್ನೂ, ಆತ್ಮನಿವೇದನೆಗೆ 650 ಪದಗಳನ್ನೂ ದಯಪಾಲಿಸಿದೆ. ಪದಗಳ ನಡುವಣ ತೆರಪನ್ನು ಸಹ ಅದು ಅಕ್ಷರವೆಂದೇ ಎಣಿಸುವುದರಿಂದ, ಅಲ್ಲಿ ಮೌನಕ್ಕೂ ಸುಂಕವುಂಟು.

ಹುಡುಗನ ಹವ್ಯಾಸಗಳೋ ಪರಸ್ಪರ ಮಾತುಕತೆ ಇಲ್ಲದವು: ಮೃದಂಗ, ಚದುರಂಗ, ಮಳೆಗಾಲದ ರಾತ್ರಿಗಳಲ್ಲಿ ಕಪ್ಪೆಗಳ ಕೂಗನ್ನು ಧ್ವನಿಮುದ್ರಿಸುವುದು, ಅಜ್ಜಿಯ ಪಕ್ಕದಲ್ಲಿ ಕುಳಿತು ಹೋಳಿಗೆ ತಟ್ಟುವುದು. ಇವನ್ನೆಲ್ಲ ಏಕಸೂತ್ರದಲ್ಲಿ ಪೋಣಿಸದ ಹೊರತು ಗತಿಯಿಲ್ಲವೆಂದ ಕೌನ್ಸೆಲರ್ ಒಬ್ಬರು, ಪಡೆದ ಶುಲ್ಕಕ್ಕೆ ಅನುರೂಪವಾದ ದೀರ್ಘಚಿಂತನೆಯ ತರುವಾಯ ‘ಲಯ’ವೆಂಬ ಸೂತ್ರವನ್ನು ದರ್ಶಿಸಿದರು. ಮೃದಂಗಕ್ಕೆ ಲಯ ಸ್ವಯಂಸಿದ್ಧ, ಕಪ್ಪೆ ಲಯಬದ್ಧವಾಗಿಯೇ ವಟಗುಟ್ಟುತ್ತದೆ, ಚದುರಂಗಕ್ಕೆ ಗಡಿಯಾರವಿದೆ, ಹೋಳಿಗೆ ತಟ್ಟುವ ಕೈಯಲ್ಲಿ ತಾಳವಿಲ್ಲವೆನ್ನಲು ಯಾರಿಗೆ ಎದೆಯಿದೆ?

“ಮಾವ, ಹೋಳಿಗೆ ತಟ್ಟೋವಾಗ ನಂಗೆ ತಾಳ ನೆನಪಾಗಲ್ಲ, ಹೂರಣ ನೆನಪಾಗುತ್ತೆ,” ಎಂದ ಹುಡುಗ.

ಶಿವರಾಮ ಕಾರಂತರು ಈ ಅರ್ಜಿಯನ್ನು ತುಂಬಬೇಕಾಗಿ ಬಂದಿದ್ದರೆ ಏನಾಗುತ್ತಿದ್ದಿತು! ಕಾದಂಬರಿ, ಯಕ್ಷಗಾನ, ‘ಬಾಲಪ್ರಪಂಚ’, ಪುತ್ತೂರಿನ ಬಾಲವನ, ಮೂಕಿ ಚಿತ್ರ, ವಿಜ್ಞಾನ, ನಿಘಂಟು, ಪರಿಸರ ಚಳವಳಿ ಎಂದು ಬರೆಯುತ್ತಾ ಹೋದಂತೆ ಹತ್ತು ಮನೆಗಳೂ ಭರ್ತಿಯಾಗುತ್ತಿದ್ದವು; ಏಕಸೂತ್ರವನ್ನು ಕೇಳಿದ ಕೌನ್ಸೆಲರಿಗೆ ಅವರಿಂದ ದೊರೆಯಬಹುದಾಗಿದ್ದ ಉತ್ತರವನ್ನು ಊಹಿಸಲು ನನಗೆ ಧೈರ್ಯ ಸಾಲದು. ಪುಣ್ಯವಶಾತ್ ಅವರು ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜನ್ನೇ ತ್ಯಜಿಸಿದರು.

ಸೂತ್ರವನ್ನು ಕಿತ್ತೊಗೆದು ಕಪ್ಪೆಗಳನ್ನು ಕುರಿತಷ್ಟೇ ಬರೆಯೆಂದು ನಾನು ಹೇಳಿದೆನು. ಕೂಗುವುದು ಗಂಡು ಕಪ್ಪೆಯೆಂಬುದನ್ನೂ, ಒಂದು ನಿಲ್ಲಿಸಿದೊಡನೆ ನೆರೆಯ ಇನ್ನೊಂದು ಆರಂಭಿಸುವುದನ್ನೂ, ಆ ನಡುವಣ ಬಿಡುವನ್ನು ತಾನು ಬೆರಳೆಣಿಕೆಯ ತಾಳದಲ್ಲಿ ಅಳೆದುದನ್ನೂ ಹುಡುಗ ಬರೆದನು. ಮೃದಂಗವು ಹೀಗೆ ಕರೆಯದೆಯೇ ಒಳಗೆ ಬಂದಿತು. ಹೋಳಿಗೆ ಮಾತ್ರ ಬರಲೊಪ್ಪದೆ, ಹತ್ತರಲ್ಲೊಂದು ಮನೆಯಲ್ಲಿ ಯಾರ ನಂಟೂ ಇಲ್ಲದೆ ಸುಖವಾಗಿ ಕುಳಿತಿದೆ. ಅರ್ಜಿ ತುಂಬಿಸುತ್ತಿರುವ ತಾಯಿತಂದೆಗಳು ದಯವಿಟ್ಟು ಇಂಥವನ್ನು ಎಬ್ಬಿಸಬಾರದು.