23 ಕೆಜಿ ಎಚ್ಚರಿಕೆ

ತೂಕದ ಮಷೀನಿನ ಮೇಲೆ ಸೂಟ್‌ಕೇಸನ್ನು ಅಪ್ಪಿಕೊಂಡು ನಿಂತಿದ್ದ ಭಾವ “ನೂರಾ ಐದು” ಎಂದರು. ಅದರಲ್ಲಿ ತಮ್ಮ 82 ಕಳೆದು, “ಸರಿಯಾಗಿ ಇಪ್ಪತ್ಮೂರು, ನೋಡ್ಕೋ” ಎಂದು ಗೆದ್ದವರಂತೆ ಕೆಳಗಿಳಿದರು. ಆ 82ರಲ್ಲಿ ಒಂದು ಹತ್ತಾದರೂ ಕಳೆಯಿರಿ ಎಂದು ಡಾಕ್ಟರು ವರ್ಷಗಳಿಂದ ಗೋಗರೆಯುತ್ತಿದ್ದಾರೆ. ಅಷ್ಟನ್ನೂ ಒಂದೇ ಉಸಿರಿಗೆ ಕಳೆಯಬಹುದೆಂಬುದು ಪಾಪ, ಅವರಿಗೆ ಗೊತ್ತಿಲ್ಲ.

ಮಗಳ ಬಾಣಂತನಕ್ಕೆಂದು ಅಕ್ಕ, ಭಾವ ನ್ಯೂಜೆರ್ಸಿಗೆ ಹೊರಟಿದ್ದರು, ದುಬೈ ಮೇಲೆ. ತಲೆಗೆ ಎರಡರಂತೆ ನಾಲ್ಕು ಪೆಟ್ಟಿಗೆ. ಹುರಿಗಡಲೆ ಚಟ್ನಿಪುಡಿ, ಅಗಸೆ ಚಟ್ನಿಪುಡಿ, ಅವೆರಡೂ ಸೋರಿದರೆ ಇರಲಿ ಎಂದು ಇನ್ನೊಂದು ಕವರ್ ಚಟ್ನಿಪುಡಿ. ಅಂಟಿನುಂಡೆಗೆ ತಿಪಟೂರಿನ ಕೊಬ್ಬರಿ, ಇಡಿಯದು. ಪಾಯಸಕ್ಕೆ ಗಸಗಸೆ. ಜಾಗ ಸಾಲದೆ ಬಂದಾಗ ಮಾತ್ರೆಗಳ ರಟ್ಟಿನ ಡಬ್ಬ ಬಿಸಾಡಿದರು. ಆಮೇಲೆ ಹಾಳೆಗಳನ್ನೂ ಕತ್ತರಿಸಿ, ಮಾತ್ರೆ ಬಿಡಿಸಿ ಒಂದು ಕುಂಕುಮದ ಭರಣಿಗೆ ತುಂಬಿದರು.

“ಯಾವುದು ಯಾವುದಕ್ಕೆ ಅಂತ ಹೇಗೆ ಗೊತ್ತಾಗುತ್ತೆ ಭಾವ?”

“ಬಿಳೀದು ಬೆಳಿಗ್ಗೆ, ಗುಲಾಬೀದು ರಾತ್ರಿ ಕಣೋ.”

ಯಾರ ಬೆಳಿಗ್ಗೆ ಎಂದು ನಾನು ಕೇಳಲಿಲ್ಲ. ನ್ಯೂಜೆರ್ಸಿಯ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಮುಗಿದರೆ ಅಲ್ಲೇ ಡೋಲೋ ಕೊಂಡರಾಯಿತು ಎಂಬ ಧೈರ್ಯ ಬೇರೆ. ಡೋಲೋ ನಮ್ಮ ಬೆಂಗಳೂರಿನ ಕಂಪನಿಯ ಕೂಸು. ಅಮೆರಿಕದವರು ಪ್ಯಾರಸಿಟಮಾಲ್ ಎನ್ನುವುದಿಲ್ಲ, ಅಸಿಟಮಿನೋಫೆನ್ ಎನ್ನುತ್ತಾರೆ. ಜ್ವರದಲ್ಲಿ ಆ ಹೆಸರು ನೆನಪಿಟ್ಟುಕೊಳ್ಳಬಲ್ಲವನಿಗೆ ಜ್ವರ ಅಷ್ಟೇನೂ ಇಲ್ಲವೆಂದೇ ಅರ್ಥ.

ಇದಕ್ಕೇ ಒಂದು ಉಪಕಾರ ಮಾಡಿದ್ದೆ. ಡಾಕ್ಟರ ಬಳಿ ಹೋಗಿ, ಕಂಪನಿ ಇಟ್ಟ ಹೆಸರಲ್ಲದೆ ಔಷಧಿಯ ಮೂಲ ಹೆಸರು, ಪ್ರಮಾಣ, ಹೊತ್ತು ಎಲ್ಲ ಟೈಪ್ ಮಾಡಿಸಿ, ಸಹಿ ಹಾಕಿಸಿ, ಒಂದು ಫೈಲಿನಲ್ಲಿಟ್ಟು ಕೊಟ್ಟಿದ್ದೆ. “ಮಾತ್ರೆ, ಫೈಲು ಎರಡೂ ಕೈಚೀಲದಲ್ಲೇ ಇರಲಿ, ಪೆಟ್ಟಿಗೆ ಒಂದು ದಿನ ತಡವಾಗಿ ಬಂದರೂ ಬಂತು” ಎಂದಿದ್ದೆ. ಭಾವ ಫೈಲಿನ ಅಟ್ಟೆ ಗಟ್ಟಿಯಿದೆ ಎಂದು ಮೆಚ್ಚಿಕೊಂಡಿದ್ದರು.

ವಿಮೆಯ ಕತೆ ಕೇಳಿ. ಹಿಂದೊಮ್ಮೆ ಇವರು ಯುರೋಪ್ ಟೂರು ಹೋದಾಗ ವಿಮೆ ಮಾಡಿಸಿದ್ದರು. ಕನಿಷ್ಠ 30,000 ಯೂರೋ ವಿಮೆಯಿಲ್ಲದೆ ಷೆಂಗೆನ್ ವೀಸಾ ಸಿಗುವುದಿಲ್ಲ. ಇವರ ಆರೋಗ್ಯದ ಬಗ್ಗೆ ಈವರೆಗೆ ಗಂಭೀರವಾಗಿ ಯೋಚಿಸಿರುವುದು ಆ ವೀಸಾ ಕಚೇರಿ ಒಂದೇ. ಅಮೆರಿಕದ ಪ್ರವಾಸಿ ವೀಸಾಕ್ಕೆ ಅದನ್ನು ಕೇಳುವುದಿಲ್ಲ. ಆಂಬುಲೆನ್ಸಿಗೂ ಡಾಲರಿನಲ್ಲಿ ಬಿಲ್ಲು ಕಳಿಸುವ ದೇಶ ಕೇಳದ ಮೇಲೆ ಇವರು ಯಾಕೆ ಮಾಡಿಸಿಯಾರು? ನನ್ನ ಕಾಟಕ್ಕೆ ಕೊನೆಗೆ ಫೋನಿನಲ್ಲಿ ಒಂದು ಪಾಲಿಸಿ ಮಾಡಿಸಿದರು. “ಬಿಪಿ, ಶುಗರ್ ಇದೆಯಾ ಸರ್?” “ಛೆ, ಏನೂ ಇಲ್ಲ!” ಎಂದು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸಕ್ಕರೆಯಿಲ್ಲದ ಕಾಫಿ. ಹಳೆಯ ಕಾಯಿಲೆ ಮುಚ್ಚಿಟ್ಟರೆ ಕ್ಲೇಮು ಬಿದ್ದುಹೋಗುತ್ತದೆ ಎಂದರೆ, “ಹೊರಡೋ ಹೊತ್ತಲ್ಲಿ ಅಪಶಕುನ ನುಡೀಬೇಡ” ಎಂಬ ಉತ್ತರ. ರಾಹುಕಾಲ ಮಾತ್ರ ಮೂರು ಪಂಚಾಂಗದಲ್ಲಿ ನೋಡಿ ಆಗಿತ್ತು.

ಅಕ್ಕನ ಸಿದ್ಧತೆ ಇನ್ನೊಂದು ಬಗೆ. ಪಕ್ಕದ ಸೀಟಿನವರನ್ನು ಎಬ್ಬಿಸಿ ಟಾಯ್ಲೆಟ್ಟಿಗೆ ಹೋಗಲು ನಾಚಿಕೆ. ಆದ್ದರಿಂದ ದುಬೈ ಬಿಟ್ಟಮೇಲೆ ಹದಿನಾಲ್ಕು ಗಂಟೆ ನೀರೇ ಕುಡಿಯದಿರುವ ವ್ರತ. ಅಷ್ಟು ಹೊತ್ತು ಅಲ್ಲಾಡದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು ಎಂದೆ. “ಅವರಿಗೆ ತೊಂದರೆ ಆಗಲ್ವೇನೋ?” ಎಂದಳು.

ಗಸಗಸೆಯ ವಿಷಯ ನಾನು ಮೊದಲೇ ಹೇಳಿದ್ದೆ. ಅದು ಅಫೀಮಿನ ಗಿಡದ ಬೀಜ. ಯುಎಇಯಲ್ಲಿ, ಸೌದಿಯಲ್ಲಿ, ಸಿಂಗಪುರದಲ್ಲಿ ಒಯ್ಯುವಂತಿಲ್ಲ. ಅದರ ಪಾಯಸ ಕುಡಿದರೆ ನಮಗೆ ಬರುವುದು ಮಧ್ಯಾಹ್ನದ ನಿದ್ದೆ, ಅಲ್ಲಿನ ಪೊಲೀಸರಿಗೆ ಬರುವುದು ಎಚ್ಚರ. “ನಾವೇನು ದುಬೈಯಲ್ಲಿ ಮನೆ ಮಾಡ್ತೀವಾ? ವಿಮಾನ ಬದಲಿಸ್ತೀವಿ ಅಷ್ಟೆ” ಎಂದರು ಭಾವ.

ವಿಮಾನ ನಿಲ್ದಾಣದಲ್ಲಿ ಅವರನ್ನು ತಡೆದದ್ದು ಕೊಬ್ಬರಿ. ಎಣ್ಣೆ ತುಂಬಿರುವ ಅದು ತಾನೇ ಕಾವೇರಿ ಹೊತ್ತಿಕೊಳ್ಳಬಹುದಂತೆ. ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ 1363 ಎಂದು ವಿಶ್ವಸಂಸ್ಥೆಯ ನಂಬರೇ ಇದೆ. ತಿಪಟೂರಿಗೆ ಇಷ್ಟು ದೊಡ್ಡ ಗೌರವ ಸಂದಿರುವುದು ನಮ್ಮ ಪತ್ರಿಕೆಗಳಲ್ಲಿ ಬಂದ ನೆನಪಿಲ್ಲ. ಭಾವ ಬೆವರುತ್ತ ಬಾಗಿಲಿಗೆ ಬಂದು, ಕೊಬ್ಬರಿಯ ಚೀಲವನ್ನು ಇದ್ದ ಹಾಗೇ ನನ್ನ ಕೈಗಿಟ್ಟು, “ಗಸಗಸೇನೂ ಇದರಲ್ಲೇ ಇದೆ, ತಗೊಂಡು ಹೋಗು” ಎಂದು ಒಳಗೆ ಓಡಿದರು.

ವಸ್ತು ಹಾಳಾಗಬಾರದು. ಮನೆಗೆ ಬಂದು ಪಾಯಸ ಮಾಡಿಸಿ ಎರಡು ಲೋಟ ಕುಡಿದು ಮಲಗಿದೆ. ಸಂಜೆ ಎದ್ದು ಚೀಲ ಕೊಡವಿದಾಗ ತಳದಲ್ಲಿ, ಕೊಬ್ಬರಿ ಮಟ್ಟಸವಾಗಿ ಕೂರಲೆಂದು ಹಾಸಿದ್ದ ಫೈಲು ಸಿಕ್ಕಿತು. ಆ ಹೊತ್ತಿಗೆ ಭಾವ ಸಮುದ್ರದ ಮೇಲಿದ್ದರು, ಭರಣಿಯೊಂದಿಗೆ.