ಟಿನ್ ಫ್ಯಾಕ್ಟರಿ ಸುಖಾಸನ ಮೀಮಾಂಸೆ

(ಹಳೆಯ ರೇಸ್ ಸೈಕಲ್ಲನ್ನು ಸುಖಕರಗೊಳಿಸುವ ಬಗೆ ಕುರಿತ ಶಾಸ್ತ್ರೀಯ ವಿವೇಚನೆ, ಸಂಪುಟ 1)

1. ಪೀಠಿಕೆ

ದುಃಖ ಮೂರು ಬಗೆ ಎಂದು ಸಾಂಖ್ಯರು ವಿಂಗಡಿಸಿದ್ದಾರೆ: ಆಧ್ಯಾತ್ಮಿಕ, ಆಧಿಭೌತಿಕ, ಆಧಿದೈವಿಕ. ಹಳೆಯ ರೇಸ್ ಸೈಕಲ್ ಹತ್ತಿ ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯಲ್ಲಿ ಹೊರಟವನಿಗೆ ಬೆನ್ನಿಗಾನಹಳ್ಳಿ ದಾಟುವುದರೊಳಗೆ ಮೂರೂ ಸಿದ್ಧಿಸುತ್ತವೆ. ಸೊಂಟನೋವು ಆಧ್ಯಾತ್ಮಿಕ, ಏಕೆಂದರೆ ಅದು ನಾವೇ ತಂದುಕೊಂಡದ್ದು. ಹಿಂದಿನ ಬಸ್ಸಿನ ಹಾರನ್ ಆಧಿಭೌತಿಕ, ಏಕೆಂದರೆ ಅದು ಇತರ ಜೀವಿಗಳಿಂದ ಬಂದದ್ದು. ಮಳೆನೀರಿನಡಿ ಅಡಗಿದ ಗುಂಡಿ ಆಧಿದೈವಿಕ. ಅದು ಯಾವ ಇಲಾಖೆಗೆ ಸೇರಿದ್ದೆಂದು ಮನುಷ್ಯಮಾತ್ರರಾದವರು ಹೇಳಲಾರರು.

ಆಸನವೆಂದರೆ ಸ್ಥಿರವಾಗಿರಬೇಕು, ಸುಖವಾಗಿರಬೇಕು ಎಂಬುದು ಪತಂಜಲಿಗಳ ಅಭಿಪ್ರಾಯ. ಅದೇ ರಸ್ತೆಯ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ವಾಹನಸಂದಣಿಯಲ್ಲಿ ಸ್ಥಿರತೆಗೆ ಸಾಧನೆ ಬೇಕಿಲ್ಲ. ಆಫೀಸು ಶುರುವಾಗುವ ಹೊತ್ತಿಗೂ ಬಿಡುವ ಹೊತ್ತಿಗೂ ಅದು ಸರ್ವರಿಗೂ ಉಚಿತ. ಬಾಕಿ ಇರುವುದು ಸುಖ ಮಾತ್ರ. ಅದೇ ಈ ಪ್ರಬಂಧದ ವಿಷಯ.

2. ಕ್ಷೇತ್ರ ಮತ್ತು ವಸ್ತು

ಹಳೆ ಮದ್ರಾಸ್ ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಈ ಸಂಗಮವೇ ಸಂಶೋಧನಾ ಕ್ಷೇತ್ರ. ನೆಲದ ಮೇಲೆ ‘ಕೋಲಾರ, ಕೋಲಾರ’ ‘ಹೊಸಕೋಟೆ, ಹೊಸಕೋಟೆ’ ಎಂಬ ಬಸ್ಸಿನವರ ಘೋಷ. ನೆತ್ತಿಯ ಮೇಲೆ, 2023ರ ಅಕ್ಟೋಬರ್‌ನಿಂದ, ಬೈಯಪ್ಪನಹಳ್ಳಿಯನ್ನು ಕೆ.ಆರ್. ಪುರಕ್ಕೆ ಜೋಡಿಸಿದ ನೇರಳೆ ಮಾರ್ಗದ ಮೆಟ್ರೋ. ಮುಂದೆ 2003ರ ತೂಗುಸೇತುವೆ, ಅದರಡಿ ರೈಲುಹಳಿ. ಇವುಗಳಲ್ಲಿ ಚಲಿಸುವುದು ನೆತ್ತಿಯ ಮೇಲಿನದು ಮತ್ತು ಸೇತುವೆಯ ಅಡಿಯದು. ನಡುವಿನದು ಚಿಂತನೆಗೆ ಮೀಸಲು.

ಇನ್ನು ವಸ್ತು. ಟಗರಿನ ಕೊಂಬಿನ ಹಾಗೆ ಬಗ್ಗಿದ ಹ್ಯಾಂಡಲ್, ಹೆಬ್ಬೆರಳಗಲದ ಟೈರು, ಅಂಗೈಗಿಂತ ಕಿರಿದಾದ ಸೀಟು, ಉಕ್ಕಿನ ಚೌಕಟ್ಟು: ಈ ನಾಲ್ಕು ಲಕ್ಷಣಗಳಿದ್ದರೆ ಅದು ಹಳೆಯ ರೇಸ್ ಸೈಕಲ್. ಅಟ್ಟದಿಂದ ಇಳಿಸಿದ್ದು, ಶಿವಾಜಿನಗರದ ಗುಜರಿಯಲ್ಲಿ ಚೌಕಾಸಿ ಮಾಡಿ ತಂದದ್ದು, ಭಾವನವರು ಮನೆ ಬದಲಾಯಿಸುವಾಗ ಬಲವಂತವಾಗಿ ದಾನ ಕೊಟ್ಟದ್ದು ಎಂದು ಇದರಲ್ಲಿ ಮೂರು ಉಪಜಾತಿ. ಮೂರನೆಯದಕ್ಕೆ ನೋವು ಹೆಚ್ಚು.

3. ಪೂರ್ವಾಚಾರ್ಯರು

ಸೈಕಲ್ ಸುಖದ ಇಬ್ಬರು ಮೂಲಪುರುಷರಿಗೂ ಪ್ರೇರಣೆ ಪಶುಲೋಕದಿಂದ ಬಂದದ್ದನ್ನು ವಿದ್ವಾಂಸರು ಸಾಕಷ್ಟು ಗಮನಿಸಿಲ್ಲ. ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಕಟ್ಟಿ, 1888ರಲ್ಲಿ ಪೇಟೆಂಟ್ ಪಡೆದ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ ವೃತ್ತಿಯಿಂದ ದನಕರುಗಳ ವೈದ್ಯರು. ಬರ್ಮಿಂಗ್‌ಹ್ಯಾಮಿನ ಜೆ.ಬಿ. ಬ್ರೂಕ್ಸ್ ಕುದುರೆಗೆ ಬೇಕಾದ ಚರ್ಮದ ಸರಕು ಮಾಡುತ್ತಿದ್ದವರು. ಅವರ ಕುದುರೆ ಸತ್ತಿತು, ಎರವಲು ಸೈಕಲ್ ಹತ್ತಿದರು, ಅದರ ಸೀಟಿಗೆ ರೋಸಿಹೋಗಿ 1882ರಲ್ಲಿ ಚರ್ಮದ ಸೀಟಿಗೆ ಪೇಟೆಂಟ್ ಪಡೆದರು ಎಂದು ಅವರ ಕಂಪನಿಯೇ ಹೇಳಿಕೊಂಡು ಬಂದಿದೆ. ಒಂದು ಕುದುರೆಯ ಪ್ರಾಣ ಹೋಗಿ ಲಕ್ಷಾಂತರ ಸವಾರರ ಪ್ರಾಣ ಉಳಿಯಿತು. ಶಾಸ್ತ್ರಗಳೆಲ್ಲ ಹುಟ್ಟುವುದು ಹೀಗೆಯೇ.

4. ಮತಭೇದಗಳು

ಅ) ವಾಯುವಾದ. ಈ ಪಂಥದವರಿಗೆ ಸುಖವೆಂದರೆ ಗಾಳಿ, ಆದರೆ ಹೆಚ್ಚು ಗಾಳಿಯಲ್ಲ. ಕಿರಿದಾದ ಟೈರಿಗೆ ನೂರು ಪೌಂಡಿನಷ್ಟು ಗಾಳಿ ಹೊಡೆಯಲೇಬೇಕು. ಇಲ್ಲದಿದ್ದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಹೊಡೆದರೋ, ರಸ್ತೆಯ ಪ್ರತಿ ಜಲ್ಲಿಕಲ್ಲಿನ ಸಮಾಚಾರವೂ ನೇರ ಬೆನ್ನುಮೂಳೆಗೆ. ಟೈರು ಅಗಲವಾದಷ್ಟೂ ಕಡಿಮೆ ಗಾಳಿ ಸಾಕು. 1896ರಲ್ಲಿ ಆರಂಭವಾದ ಪ್ಯಾರಿಸ್–ರೂಬೆ ರೇಸಿನಲ್ಲಿ ಕಲ್ಲುಹಾಸಿನ ದಾರಿಗೆಂದು ರೇಸಿನವರೇ ಟೈರು ಅಗಲ ಮಾಡಿ ಗಾಳಿ ಇಳಿಸುತ್ತಾರೆ. ಆ ಕಲ್ಲುಹಾಸನ್ನು ಉಳಿಸಲು ಅಲ್ಲಿ ಅಭಿಮಾನಿಗಳು ಸಂಘ ಕಟ್ಟಿಕೊಂಡಿದ್ದಾರೆ. ನಮ್ಮಲ್ಲಿ ಸಂಘವಿಲ್ಲದೆಯೇ ಗುಂಡಿಗಳು ಉಳಿದುಕೊಂಡು ಬಂದಿವೆ.

ಹಳೆಯ ಚಕ್ರ 27 ಇಂಚಿನದಾದರೆ 700ಸಿ ಚಕ್ರ ಹಾಕಿಸಿ ಎನ್ನುತ್ತಾರೆ ವಾಯುವಾದಿಗಳು. ರಿಮ್ಮಿನ ಅಂಚು 4 ಮಿ.ಮೀ. ತಗ್ಗುವುದರಿಂದ ದಪ್ಪ ಟೈರಿಗೆ ಜಾಗ ದೊರೆಯುತ್ತದೆ. ಬ್ರೇಕ್ ಕಟ್ಟೆಯನ್ನೂ ಅಷ್ಟೇ ಕೆಳಗಿಳಿಸಬೇಕು. ಮರೆತವರ ಟೈರನ್ನು ಬ್ರೇಕು ತಿನ್ನುತ್ತದೆ. ಈ ಪಂಥದ ಮುಖ್ಯ ವಿರೋಧಿ ರಸ್ತೆಬದಿಯ ಪಂಕ್ಚರ್ ಅಂಗಡಿಯವರು. ಮೀಟರು ತೋರಿಸಿ ‘ಅರವತ್ತು ಸಾಕಣ್ಣ’ ಎಂದರೆ ಹೆಬ್ಬೆರಳಿನಿಂದ ಟೈರನ್ನೊಮ್ಮೆ ಒತ್ತಿ, ‘ಗಾಳೀನೇ ಇಲ್ವಲ್ಲ ಸಾರ್’ ಎಂದು ಕಲ್ಲಾಗುವ ತನಕ ತುಂಬಿಬಿಡುತ್ತಾರೆ. ಇಲ್ಲಿ ಯಂತ್ರಪ್ರಮಾಣಕ್ಕಿಂತ ಅಂಗುಷ್ಠಪ್ರಮಾಣ ಬಲವತ್ತರ.

ಆ) ಆಸನವಾದ. ಮೆತ್ತಗಿರುವುದೇ ಸುಖ ಎಂಬುದು ಪಾಮರರ ಮತ. ದೇಹದ ಭಾರವನ್ನು ಹೊರಬೇಕಾದ್ದು ಪಿರ್ರೆಯ ಎರಡು ಮೂಳೆಗಳು. ಅತಿ ಮೃದುವಾದ ಸೀಟಿನಲ್ಲಿ ಅವು ಹೂತುಹೋಗಿ, ನಡುವಿನ ಸೂಕ್ಷ್ಮ ಭಾಗದ ಮೇಲೆ ಒತ್ತಡ ಬೀಳುತ್ತದೆ. ಆದ್ದರಿಂದ ಸೀಟು ಆ ಎರಡು ಮೂಳೆಗಳಿಗೆ ತಕ್ಕಷ್ಟು ಅಗಲವಿರಲಿ, ಗಟ್ಟಿಯಿರಲಿ, ಮಟ್ಟಸವಾಗಿರಲಿ. ಮೂತಿ ಕೆಳಗಾದರೆ ಸವಾರ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗೆ ಬಿದ್ದು, ಕಿರುಬೆರಳೂ ಉಂಗುರದ ಬೆರಳೂ ಜೋಮು ಹಿಡಿಯುತ್ತವೆ. ಎತ್ತರದ ಲೆಕ್ಕ ಸುಲಭ: ಪೆಡಲ್ ತಳದಲ್ಲಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು.

ಇ) ಹಸ್ತವಾದ. ಹ್ಯಾಂಡಲ್ ಮೇಲೆತ್ತದೆ ಮೋಕ್ಷವಿಲ್ಲ ಎನ್ನುವವರು ಇವರು. ಇದಕ್ಕೊಂದು ಪ್ರಯೋಗವಿಧಿಯಿದೆ. ಹ್ಯಾಂಡಲ್ ಕೊಳವೆಯ ನೆತ್ತಿಯಲ್ಲಿರುವ ಬೋಲ್ಟನ್ನು ಮೂರು ಸುತ್ತು ಸಡಿಲಿಸತಕ್ಕದ್ದು. ಹ್ಯಾಂಡಲ್ ಅಲುಗುವುದಿಲ್ಲ. ಅಜ್ಞಾನಿಗಳು ಇಲ್ಲಿ ಮಲ್ಲಯುದ್ಧಕ್ಕೆ ಇಳಿಯುತ್ತಾರೆ. ಜ್ಞಾನಿಯಾದವನು ಬೋಲ್ಟಿನ ತಲೆಗೆ ಮರದ ತುಂಡು ಕೊಟ್ಟು ಸುತ್ತಿಗೆಯಿಂದ ಒಂದೇಟು ಹಾಕುತ್ತಾನೆ. ಒಳಗಿನ ಬೆಣೆ ‘ಟಕ್’ ಎಂದು ಕಳಚಿಕೊಳ್ಳುತ್ತದೆ. ಬಹುಕಾಲ ಮೂಲೆ ಹಿಡಿದ ಸೈಕಲ್ಲಾದರೆ ಹಿಂದಿನ ರಾತ್ರಿಯೇ ಸೀಮೆಎಣ್ಣೆಯ ಅಭಿಷೇಕ ನಡೆದಿರಬೇಕು. ಆಮೇಲೆ ಮೇಲೆಳೆಯುವುದು, ಕೊಳವೆಯ ಮೇಲೆ ಕೊರೆದ ಗೆರೆ ಕಾಣುವ ತನಕ ಮಾತ್ರ. ಆ ಲಕ್ಷ್ಮಣರೇಖೆಯನ್ನು ದಾಟಿದರೆ ಮುಂದಿನ ಗುಂಡಿಯಲ್ಲಿ ಹ್ಯಾಂಡಲ್ ನಿಮ್ಮ ಕೈಗೆ ಬರುತ್ತದೆ, ಸೈಕಲ್ ಬರುವುದಿಲ್ಲ.

5. ಆಕ್ಷೇಪ ಮತ್ತು ಸಮಾಧಾನ

‘ವಿಜಯಪುರ, ಬಾಗಲಕೋಟೆಯ ಸೈಕಲ್ ಪಟುಗಳು ಬಗ್ಗಿ ತುಳಿದೇ ಪದಕ ತರುತ್ತಾರಲ್ಲ?’ ಎಂಬುದು ಪೂರ್ವಪಕ್ಷ. ಸತ್ಯ. ವೇಗ ಏರಿದಷ್ಟೂ ಎದುರುಗಾಳಿ ತಡೆಯುತ್ತದೆ, ಬಗ್ಗಿದವನಿಗೆ ಆ ತಡೆ ಕಡಿಮೆ. ಆದರೆ ಟಿನ್ ಫ್ಯಾಕ್ಟರಿಯಲ್ಲಿ ತಡೆಯುವುದು ಗಾಳಿಯಲ್ಲ. ಇಲ್ಲಿ ಬಗ್ಗಿದವನ ಮೂಗು ನಿಂತ ಟೆಂಪೊವಿನ ಸೈಲೆನ್ಸರಿಗೆ ಹತ್ತಿರವಾಗುವುದೊಂದೇ ಲಾಭ. ಆದ್ದರಿಂದ ಹ್ಯಾಂಡಲ್ ಎತ್ತಿದರೂ ಸಾಲದು, ಬಾಗಿದ್ದನ್ನು ತೆಗೆದು ನೆಟ್ಟಗಿನದು ಹಾಕಿಸಬೇಕೆಂದು ಸಿದ್ಧವಾಯಿತು.

6. ಸಮನ್ವಯ

ಮೂರು ಪಂಥಗಳನ್ನೂ ಒಂದೇ ಸೈಕಲ್ಲಿನ ಮೇಲೆ ಸಮನ್ವಯಗೊಳಿಸಲಾಯಿತು. ಟೈರು ದಪ್ಪವಾಯಿತು. ಹಳೆಯ ಫೋರ್ಕಿನಲ್ಲಿ ಅದು ಹಿಡಿಸಲಿಲ್ಲವಾಗಿ ಫೋರ್ಕು ಬದಲಾಯಿತು. ಸೀಟು ಅಗಲವಾಗಿ, ಅದರಡಿ ಎರಡು ಸ್ಪ್ರಿಂಗು ಬಂದವು. ಹ್ಯಾಂಡಲ್ ನೆಟ್ಟಗಾಗಿ ಎದೆಯೆತ್ತರಕ್ಕೆ ಏರಿತು. ರಸ್ತೆ ಕಾಮಗಾರಿಯ ಕೆಸರು ಬೆನ್ನಿಗೆ ಚಿತ್ತಾರ ಬರೆಯುತ್ತಿದ್ದುದರಿಂದ ಮಡ್‌ಗಾರ್ಡ್ ಅನಿವಾರ್ಯ. ಪ್ಯಾಂಟು ಚೈನಿಗೆ ಸಿಕ್ಕುತ್ತಿದ್ದುದರಿಂದ ಚೈನ್‌ಕವರ್. ಬೆನ್ನಿನ ಬ್ಯಾಗು ಬೆವರಿಳಿಸುತ್ತಿದ್ದುದರಿಂದ ಕ್ಯಾರಿಯರ್. ತುಳಿಯುವುದಕ್ಕಿಂತ ನಿಲ್ಲುವ ಹೊತ್ತೇ ಹೆಚ್ಚಾದ್ದರಿಂದ ಜೋಡಿ ಸ್ಟ್ಯಾಂಡು. ಸೊಂಟ ನಕ್ಕಿತು, ಕೈ ಹಗುರಾಯಿತು, ಬೆರಳುಗಳು ಎಚ್ಚೆತ್ತವು.

7. ಸಿದ್ಧಾಂತ

ಹೀಗೆ ಪರಿಪೂರ್ಣಗೊಂಡ ಸೈಕಲ್ಲನ್ನು ಬಿಸಿಲಿಗೆ ನಿಲ್ಲಿಸಿ ಪರಿಶೀಲಿಸಿದಾಗ ಈ ಮೀಮಾಂಸೆಯ ಮಹಾಸತ್ಯ ಹೊಳೆಯಿತು. ಇದೇ ದಾರಿಯ ದೂರವಾಣಿನಗರದಲ್ಲಿ ಐ.ಟಿ.ಐ. ಕಾರ್ಖಾನೆ 1948ರಲ್ಲಿ ಆರಂಭವಾಯಿತು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ 1956ರಲ್ಲಿ ಹುಟ್ಟಿ 2002ರಲ್ಲಿ ಮುಚ್ಚಿತು. ಸೈರನ್ ಕೂಗಿದೊಡನೆ ಇಂಥ ಕಾರ್ಖಾನೆಗಳ ಗೇಟುಗಳಿಂದ ಊಟದ ಡಬ್ಬಿ ನೇತುಹಾಕಿಕೊಂಡು ಹೊರಬೀಳುತ್ತಿದ್ದ ಕಾರ್ಮಿಕರ ಕರಿ ಸೈಕಲ್ಲು ಇದೇ: ಒಂದೂವರೆ ಇಂಚಿನ ಟೈರು, ಸ್ಪ್ರಿಂಗ್ ಸೀಟು, ನೆಟ್ಟಗಿನ ಹ್ಯಾಂಡಲ್, ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡು. ಮದ್ರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೊ 1956ರಲ್ಲಿ ಹೊರಟಾಗಲೇ ನಮ್ಮ ಪ್ರಬಂಧದ ಉಪಸಂಹಾರ ಅಂಗಡಿಗೆ ಬಂದುಬಿಟ್ಟಿತ್ತು. ಪೀಠಿಕೆ ತಡವಾಯಿತು, ಅಷ್ಟೆ.

ಆದ್ದರಿಂದ ಪ್ರಮೇಯ: ರೇಸ್ ಸೈಕಲ್ಲಿಗೆ ಮಾಡುವ ಪ್ರತಿಯೊಂದು ಉಪಕಾರವೂ ಅದನ್ನು ಈ ಕರಿ ಸೈಕಲ್ಲಿಗೆ, ಎಂದರೆ ಹಾಲಿನವರ ಸೈಕಲ್ಲಿಗೆ, ಒಂದು ಹೆಜ್ಜೆ ಹತ್ತಿರ ಒಯ್ಯುತ್ತದೆ. ಉಪಪ್ರಮೇಯ: ಹಾಲಿನವರ ಸೈಕಲ್ಲನ್ನು ನೇರವಾಗಿ ಕೊಂಡರೆ ಖರ್ಚು ಕಡಿಮೆ, ಆದರೆ ಪ್ರಬಂಧ ಹುಟ್ಟುವುದಿಲ್ಲ.

8. ಮುಂದಿನ ಸಂಶೋಧನೆ

ಸಿದ್ಧಗೊಂಡ ಸೈಕಲ್ಲಿನಲ್ಲಿ ಎರಡು ಕೊರತೆ ಕಂಡುಬಂದಿವೆ. ತೂಕ ಇಪ್ಪತ್ತು ಕಿಲೋ ಆಸುಪಾಸಿಗೆ ಬಂದಿದೆ, ತೂಗುಸೇತುವೆಯ ಏರಿನಲ್ಲಿ ಇಳಿದು ತಳ್ಳಬೇಕಾಗಿದೆ. ಇದನ್ನು ಹಗುರವೂ ಚುರುಕೂ ಮಾಡಲು ಟೈರನ್ನು ಕಿರಿದುಗೊಳಿಸಿ, ಸೀಟನ್ನು ಸಣ್ಣದು ಮಾಡಿ, ಹ್ಯಾಂಡಲ್ಲನ್ನು ಕೊಂಚ ಬಗ್ಗಿಸಿ ನೋಡಬಾರದೇಕೆ ಎಂಬ ಕ್ರಾಂತಿಕಾರಿ ಪ್ರಶ್ನೆಯನ್ನು ಎರಡನೆಯ ಸಂಪುಟದಲ್ಲಿ ಎತ್ತಿಕೊಳ್ಳಲಾಗುವುದು. ಮೊದಲ ಸಂಪುಟದಲ್ಲಿ ಕಳಚಿದ ಬಿಡಿಭಾಗಗಳನ್ನು ಗುಜರಿಗೆ ಹಾಕದೆ, ಅದಕ್ಕೆಂದೇ ಗೋಣಿಚೀಲದಲ್ಲಿ ಜೋಪಾನವಾಗಿ ಕಟ್ಟಿಡಲಾಗಿದೆ.